ಒಂದನೇ ನಂಬರಿನ ಹಗ್ಗ

ಬುಧವಾರ ಬೆಳಿಗ್ಗೆ ಅಕ್ಕ ಸತ್ತಳು. ಗುರುವಾರ ಹನ್ನೊಂದು ಗಂಟೆಗೆ ತಂಗಿ ಮ್ಯೂಸಿಯಂಗೆ ಹೋಗಿ, ಪ್ರವಾಸಿಗರ ಮುಂದೆ ನಿಂತು ಮೀನಿನ ಕರುಳು ತೆಗೆದು ತೋರಿಸಿದಳು. ಪೋರ್ಟ್‌ಗಾರ್ವಿ ಎಂಬ ನಮ್ಮ ಕಡಲೂರಿನಲ್ಲಿ ಆ ವಾರವೆಲ್ಲ ಇದೇ ಮಾತು. ಬೇಕರಿಯ ಸಾಲಿನಲ್ಲಿ ನಿಂತ ಹೆಂಗಸರು, ಬಂದರಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಮುದುಕರು, ಎಲ್ಲರೂ ಲೊಚಗುಟ್ಟಿದ್ದೇ ಲೊಚಗುಟ್ಟಿದ್ದು. ‘ಹುಟ್ಟಿದಾಗಿಂದ ಒಂದೇ ಸೂರಿನ ಕೆಳಗಿದ್ದೋರು ಕಣ್ರೀ. ಒಂದು ಹನಿ ಕಣ್ಣೀರು ಬೇಡ್ವಾ? ಎದೆ ಏನು ಕಲ್ಲಾ ಅವಳದ್ದು?’ ಎಂದು ಒಬ್ಬಳು ಕೇಳಿದರೆ ಇನ್ನೊಬ್ಬಳು ಹೌದು ಹೌದು ಎಂದು ತಲೆಯಾಡಿಸುವುದು. ಆಡಿಕೊಳ್ಳುವ ಬಾಯಿಗೆ ನಮ್ಮೂರಲ್ಲಿ ಬರವೇ?

ಐನಾಳಿಗೆ ಆಗ ಅರವತ್ತೆಂಟು. ಸಾವಿರದ ಒಂಬೈನೂರ ಎಂಬತ್ತೇಳರ ಜುಲೈ ತಿಂಗಳು. ಆ ಬುಧವಾರ ಬೆಳಿಗ್ಗೆ ಆರಕ್ಕೆ ಎಂದಿನಂತೆ ಅಕ್ಕ ಫೀಮಿಗೆ ಚಹಾ ಕೊಂಡುಹೋದಳು. ಫೀಮಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕರೆದರೆ ಓಗೊಡಲಿಲ್ಲ. ಐನಾ ಲೋಟವನ್ನು ಸ್ಟೂಲಿನ ಮೇಲಿಟ್ಟು ಅಕ್ಕನ ಹಣೆ ಮುಟ್ಟಿದಳು. ಹಣೆ ಬಿಸಿಯಿದೆಯೋ ತಣ್ಣಗಿದೆಯೋ ಅವಳ ಕೈಗೆ ತಿಳಿಯಲಿಲ್ಲ. ಆ ಕೈಗೆ ಬಿಸಿ ತಣ್ಣನೆ ತಿಳಿಯುವುದು ನಿಂತು ಮೂವತ್ತು ವರ್ಷವಾಗಿತ್ತು. ಬಗ್ಗಿ ತನ್ನ ಕೆನ್ನೆಯನ್ನು ಅಕ್ಕನ ಹಣೆಗೆ ಒತ್ತಿದಳು. ಆಗ ತಿಳಿಯಿತು. ಎದ್ದು ನಿಂತು, ಆರಿಹೋಗುತ್ತದಲ್ಲ ಎಂದು ಆ ಚಹಾವನ್ನು ತಾನೇ ಕುಡಿದಳು. ಆಮೇಲೆ ಕಿಟಕಿಗಳ ಪರದೆ ಎಳೆದು, ಎದುರು ಮನೆಯ ನ್ಯಾನ್‌ಳ ಬಾಗಿಲು ತಟ್ಟಿ, ‘ನಮ್ಮಕ್ಕ ಹೋದಳು, ಡಾಕ್ಟರಿಗೆ ಫೋನ್ ಮಾಡ್ತೀಯಾ?’ ಎಂದಳು. ನ್ಯಾನ್ ಅಲ್ಲೇ ಅಳಲು ಶುರುಮಾಡಿದಳು. ಅವಳನ್ನು ಸಮಾಧಾನ ಮಾಡಿದ್ದೂ ಐನಾಳೇ.

ಅಳು ಬರಲಿಲ್ಲ ಎಂದರೆ ಬರಲಿಲ್ಲ. ಅದಕ್ಕೇನು ಮಾಡುವುದು? ಒಳಗೆ ಏನಾದರೂ ಇದೆಯೇ ಎಂದು ಅವಳು ತಾನೇ ಹುಡುಕಿ ನೋಡಿಕೊಂಡಳು. ಏನೂ ಇರಲಿಲ್ಲ. ಕೈ ಹೇಗೋ ಎದೆಯೂ ಹಾಗೆ ಆಗಿತ್ತು.

ಅವಳ ಪೂರ್ತಿ ಹೆಸರು ಜೇಮ್ಸಿನಾ ಸ್ಲೇಟರ್. ಅವಳು ಹೊಟ್ಟೆಯಲ್ಲಿದ್ದಾಗ ಅಜ್ಜ ಜೇಮ್ಸ್ ದೋಣಿ ಮಗುಚಿ ಸತ್ತ. ಹುಟ್ಟುವುದು ಗಂಡೇ, ಅಜ್ಜನ ಹೆಸರೇ ಎಂದು ಎಲ್ಲರೂ ಕಾದು ಕೂತಿದ್ದರು, ಹೆಣ್ಣು ಹುಟ್ಟಿತು. ಹೆಸರು ಬಿಡಲು ಮನಸ್ಸಿಲ್ಲದೆ ಜೇಮ್ಸ್‌ಗೆ ಒಂದು ಬಾಲ ಅಂಟಿಸಿ ಜೇಮ್ಸಿನಾ ಎಂದರು, ಕರೆಯುವಾಗ ಐನಾ ಎಂದರು. ನಮ್ಮ ಸೀಟೌನಿನಲ್ಲಿ, ಎಂದರೆ ಸಮುದ್ರದ ದಡಕ್ಕೆ ಅಂಟಿಕೊಂಡ ಬೆಸ್ತರ ಕೇರಿಯಲ್ಲಿ, ಅರ್ಧಕ್ಕರ್ಧ ಮನೆಗಳು ಸ್ಲೇಟರ್‌ಗಳವು. ಅಜ್ಜನ ಹೆಸರು ಮೊಮ್ಮಗನಿಗೆ ಹೋಗುವುದರಿಂದ ಆ ಕಾಲಕ್ಕೆ ಜೇಮ್ಸ್ ಸ್ಲೇಟರ್‌ಗಳೇ ಏಳು ಮಂದಿ. ಹೀಗಾಗಿ ಪ್ರತಿ ಮನೆಗೂ ಒಂದೊಂದು ಅಡ್ಡಹೆಸರು. ಐನಾಳ ಮನೆಯವರು ಟಾರಿಗಳು. ಯಾವ ಕಾಲದಲ್ಲೋ ಯಾವನೋ ಮುತ್ತಜ್ಜ ಡಾಂಬರಿನ ಡಬ್ಬದಲ್ಲಿ ಬಿದ್ದಿದ್ದನಂತೆ. ಅಡ್ಡಹೆಸರು ಹೇಳದಿದ್ದರೆ ನಮ್ಮೂರಲ್ಲಿ ಹಾಲಿನವನು ಹಾಲು ಹಾಕುವುದಿಲ್ಲ.

ಹದಿನೈದಕ್ಕೆ ಅಕ್ಕನ ಜೊತೆ ಹೆರಿಂಗ್ ಮೀನಿನ ಕೆಲಸಕ್ಕೆ ಹೊರಟವಳು ಐನಾ. ಬೇಸಿಗೆಗೆ ಉತ್ತರದ ದ್ವೀಪಗಳು, ಚಳಿಗಾಲಕ್ಕೆ ದಕ್ಷಿಣದ ಯಾರ್‌ಮತ್. ಮೀನಿನ ಹಿಂಡು ಹೋದಲ್ಲಿ ದೋಣಿ, ದೋಣಿ ಹೋದಲ್ಲಿ ಹುಡುಗಿಯರು. ಯುದ್ಧದ ವರ್ಷಗಳನ್ನು ಬಿಟ್ಟು ಹನ್ನೊಂದು ಸಲ ಹೋಗಿ ಬಂದಳು. ಉಪ್ಪು ನೀರಿನಲ್ಲಿ ದಿನಕ್ಕೆ ಹದಿನೈದು ಗಂಟೆ ಅದ್ದಿದ ಬೆರಳುಗಳು ಮೊದಲು ಬಿರಿದವು, ಆಮೇಲೆ ಹುಣ್ಣಾದವು, ಕೊನೆಗೆ ಸುಮ್ಮನಾದವು. ಮದುವೆ ಇಬ್ಬರಿಗೂ ಆಗಲಿಲ್ಲ. ಯಾಕೆಂದು ಕೇಳಿದರೆ ಫೀಮಿ, ‘ನಮ್ಮಿಬ್ರ ಮೈಯ ಮೀನಿನ ವಾಸನೆ ತಡ್ಕೊಳ್ಳೋನು ಹುಟ್ಟಿರ್ಲಿಲ್ಲ’ ಎಂದು ನಗುತ್ತಿದ್ದಳು. ಹಡಗುಗಳಿಗೆ ಯಂತ್ರ ಬಂತು, ಹೆರಿಂಗ್ ಹೋಯಿತು, ಇಬ್ಬರೂ ಬಲೆ ಕಾರ್ಖಾನೆ ಸೇರಿದರು, ನಿವೃತ್ತರಾದರು. ನಂತರ ಊರವರು ಹಳೆಯ ಉಪ್ಪಿನ ಗೋದಾಮಿಗೆ ಸುಣ್ಣ ಬಳಿದು ಮ್ಯೂಸಿಯಂ ಮಾಡಿದರು. ಪ್ರವಾಸಿಗರು ಬಸ್ಸು ಬಸ್ಸಾಗಿ ಬರತೊಡಗಿದರು, ಕಲ್ಲಿನ ಮನೆಗಳನ್ನು ಮುಟ್ಟಿ ನೋಡಿದರು, ಹೊಗೆಯಲ್ಲಿ ಬೇಯಿಸಿದ ಮೀನು ತಿಂದು ಆಹಾ ಎಂದರು. ವಾರಕ್ಕೆರಡು ದಿನ ಐನಾ ಅಲ್ಲಿ ಗೋದಲಿಯಂಥ ಮರದ ತೊಟ್ಟಿಯ ಮುಂದೆ ನಿಂತು ಹಳೆಯ ಕೆಲಸ ಮಾಡಿ ತೋರಿಸುತ್ತಿದ್ದಳು. ಫೀಮಿಗೆ ಅದು ತಮಾಷೆ. ‘ನಿನ್ನನ್ನೂ ಒಂದು ಗಾಜಿನ ಪೆಟ್ಟಿಗೇಲಿ ಕೂರಿಸಿ ಚೀಟಿ ಅಂಟಿಸ್ತಾರೆ ನೋಡ್ತಿರು’ ಎನ್ನುತ್ತಿದ್ದಳು.

ಗುರುವಾರ ಮ್ಯೂಸಿಯಂ ಬಾಗಿಲಲ್ಲಿ ಐನಾಳನ್ನು ನೋಡಿ ಮಿಸೆಸ್ ಪೆನ್ನಿಂಗ್ಟನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇವಳು ದಕ್ಷಿಣದಿಂದ ಬಂದವಳು, ಮ್ಯೂಸಿಯಂ ನಡೆಸುವವಳು. ಪುಸ್ತಕದಿಂದ ಕಲಿತ ನಮ್ಮೂರನ್ನು ನಮಗೇ ಹೇಳಿಕೊಡುತ್ತಿದ್ದಳು, ಆದರೂ ಒಳ್ಳೆಯವಳು.

‘ಅಯ್ಯೋ ಐನಾ, ನೀವು ಇವತ್ತು ಬರಬಾರದಿತ್ತು.’

‘ಐಸಿನ ಮೀನು ಕರಗಿಸಿ ಆಗಿದೆಯಲ್ಲಮ್ಮ. ವಾಪಸ್ ಐಸ್ ಮಾಡೋಕಾಗುತ್ತಾ?’

ಐನಾ ಎಣ್ಣೆಬಟ್ಟೆಯ ಏಪ್ರನ್ ಕಟ್ಟಿಕೊಂಡಳು. ಹಳೆಯ ಹಿಟ್ಟಿನ ಚೀಲದಿಂದ ಹರಿದ ಪಟ್ಟಿಗಳನ್ನು ಬೆರಳು ಬೆರಳಿಗೂ ಸುತ್ತಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು. ಬಣ್ಣ ಬಣ್ಣದ ಮಳೆಕೋಟುಗಳು ಸುತ್ತ ನೆರೆದವು. ಚಾಕು ಒಂದು ಸಲ ಕಿವಿರಿನ ಬಳಿ ಹೊಕ್ಕು ತಿರುಗಿ ಹೊರಬಂದರೆ ಕರುಳು ಒಂದು ಡಬ್ಬಕ್ಕೆ, ಮೀನು ಇನ್ನೊಂದಕ್ಕೆ. ಹಿಂದೆ ನಿಮಿಷಕ್ಕೆ ಐವತ್ತು ಮಾಡುತ್ತಿದ್ದಳು. ಈಗ ಹನ್ನೆರಡು. ನೋಡುವವರಿಗೆ ಅದೇ ದೊಡ್ಡದು.

‘ಚಾಕು ಕೈಗೆ ತಾಗಿದ್ರೆ ನೋವಾಗಲ್ವಾ ಅಜ್ಜಿ?’ ಕೆಂಪು ಕೋಟಿನ ಹೆಂಗಸೊಬ್ಬಳು ಕೇಳಿದಳು.

‘ಕೈಗೆ ಗೊತ್ತಾಗಲ್ಲ ತಾಯಿ. ರಕ್ತ ಕಣ್ಣಿಗೆ ಬಿದ್ರೆ ಓಹೋ ಕೊಯ್ಕೊಂಡೆ ಅಂತ ಗೊತ್ತಾಗುತ್ತೆ.’

ಎಲ್ಲರೂ ನಕ್ಕರು. ಪ್ರತಿ ಗುರುವಾರ ನಗುವ ಜಾಗವೇ ಅದು.

‘ಅಷ್ಟು ದೂರ ಒಬ್ರೇ ಹೋಗ್ತಿದ್ರಾ?’

‘ಒಬ್ಳೇ ಹ್ಯಾಗೆ? ಮೂರು ಜನ ಸೇರಿದ್ರೆ ಒಂದು ತಂಡ. ಕೊಯ್ಯೋಕೆ ಇಬ್ರು, ಪೀಪಾಯಿಗೆ ತುಂಬೋಕೆ ಒಬ್ಳು. ಒಬ್ಳು ಮಲಗಿದ್ರೆ ಇನ್ನಿಬ್ರಿಗೂ ಕೆಲಸವಿಲ್ಲ.’

‘ಅವರಿಬ್ರು ಈಗ ಎಲ್ಲಿದಾರೆ?’

‘ಬೆಲ್ಲಾ ಕೆನಡಾದಲ್ಲಿದಾಳೆ. ನಮ್ಮಕ್ಕ ಮನೇಲಿ ಮುಂದಿನ ಕೋಣೇಲಿ ಪೆಟ್ಟಿಗೆಯೊಳಗಿದಾಳೆ. ಶನಿವಾರ ಮಣ್ಣು.’

ಹಿಂದೆ ನಿಂತ ಗಂಡಸೊಬ್ಬ ಇದೂ ತಮಾಷೆಯೆಂದು ನಕ್ಕುಬಿಟ್ಟ. ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಕೆಂಪು ಕೋಟಿನವಳ ಮುಖ ಬಿಳಿಚಿತು. ಮಿಸೆಸ್ ಪೆನ್ನಿಂಗ್ಟನ್ ಓಡಿಬಂದು, ‘ಬನ್ನಿ ಬನ್ನಿ, ಪಕ್ಕದ ಕೋಣೆಯಲ್ಲಿ ನೂರು ವರ್ಷದ ಹಳೆಯ ದಿಕ್ಸೂಚಿಯಿದೆ’ ಎಂದು ಅವರನ್ನೆಲ್ಲ ಅಟ್ಟಿಕೊಂಡು ಹೋದಳು. ಐನಾ ಉಳಿದ ಮೀನುಗಳನ್ನೂ ಕೊಯ್ದು ಮುಗಿಸಿದಳು. ಅರ್ಧಕ್ಕೆ ಬಿಡುವುದು ಅವಳಿಗೆ ಒಗ್ಗದು.

ಸಂಜೆ ಐದಕ್ಕೆ ತಮ್ಮನ ಮಗ ಜಿಮಿ ಬಂದ. ಇವನೂ ಒಬ್ಬ ಜೇಮ್ಸ್ ಸ್ಲೇಟರ್, ನಲವತ್ತೈದರವನು, ಏಡಿ ಹಿಡಿಯುವ ಸಣ್ಣ ದೋಣಿಯ ಒಡೆಯ. ಅಪ್ಪ ಹೋದ ಮೇಲೆ ಟಾರಿಗಳ ಮನೆಗೆ ಇವನೇ ಗಂಡುದಿಕ್ಕು. ಟೋಪಿ ತೆಗೆದು ಮುಂದಿನ ಕೋಣೆಗೆ ಹೋಗಿ ಫೀಮಿಯ ಪಕ್ಕ ಒಂದು ನಿಮಿಷ ನಿಂತು ಬಂದ. ಆಮೇಲೆ ಅಡಿಗೆಮನೆಯ ಮೇಜಿಗೆ ಕೂತು, ಉಬ್ಬರವಿಳಿತದ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ಬಿಚ್ಚಿದ. ಒಂದು ಉದ್ದನೆಯ ಪೆಟ್ಟಿಗೆಯ ಚಿತ್ರ, ಸುತ್ತ ಎಂಟು ಅಂಕಿ. ಗುಂಡಿಗಿಳಿಸುವಾಗ ಪೆಟ್ಟಿಗೆಗೆ ಎಂಟು ಹಗ್ಗ. ಯಾವ ಹಗ್ಗ ಯಾರ ಕೈಗೆ ಎಂದು ಮನೆಯವರು ಮೊದಲೇ ಗೊತ್ತುಮಾಡಿ, ನಂಬರು ಬರೆದ ಕಾರ್ಡು ಕಳಿಸಬೇಕು. ತಲೆಯ ಕಡೆಯದು ಒಂದನೇ ನಂಬರು, ಅತಿ ಹತ್ತಿರದವರದು. ಈ ಎಂಟರಲ್ಲಿ ಹೆಸರು ಬರಲಿಲ್ಲವೆಂದು ಇಪ್ಪತ್ತು ವರ್ಷ ಮಾತು ಬಿಟ್ಟವರು ನಮ್ಮೂರಲ್ಲಿದ್ದಾರೆ.

‘ಒಂದು ನಾನು,’ ಎಂದ ಜಿಮಿ. ‘ಎರಡು, ಪಾದದ ಕಡೆ, ನನ್ನ ಮಗಳ ಗಂಡ. ಮೂರು ಡಾಡ್ ದೊಡ್ಡಪ್ಪ. ನಾಲ್ಕು...’

‘ನನಗೊಂದು ಕೊಡೋ.’

‘ಏನು ಅತ್ತೆ?’

‘ಹಗ್ಗ. ಒಂದನೇದು.’

ಜಿಮಿ ಪೆನ್ಸಿಲ್ ಕೆಳಗಿಟ್ಟ. ‘ಹೆಂಗಸರು ಹಗ್ಗ ಹಿಡಿಯೋದಾ? ಸ್ಮಶಾನಕ್ಕೇ ಬರಲ್ವಲ್ಲ ನಮ್ಮಲ್ಲಿ. ಡಾಡ್ ದೊಡ್ಡಪ್ಪ ಪ್ರಾರ್ಥನಾ ಮಂದಿರದ ಹಿರಿಯರು, ಅವರಿಗೆ ಗೊತ್ತಾದ್ರೆ ಅಲ್ಲಿ ನನಗೆ ಕೂರೋಕೆ ಬೆಂಚು ಇರಲ್ಲ.’

‘ಡಾಡ್‌ನ ಬಾಲ್ಯದಿಂದ ನೋಡಿದೀನಿ. ಮೂಗು ಒರೆಸ್ಕೊಳ್ಳೋಕೆ ಬರ್ತಿರ್ಲಿಲ್ಲ ಅವನಿಗೆ.’

‘ಅದು ಬೇರೆ ಮಾತು.’

‘ಬೇರೆ ಹ್ಯಾಗೆ? ನೋಡೋ, ಅಕ್ಕ ಕುಳ್ಳಿ. ಪೀಪಾಯಿ ತಳದಲ್ಲಿ ಮೊದಲನೇ ಸಾಲು ಜೋಡಿಸೋಕೆ ಅರ್ಧ ಮೈ ಒಳಗೆ ಹೋಗ್ಬೇಕು. ಸೊಂಟದ ಪಟ್ಟಿ ಹಿಡ್ಕೊಂಡು ನಿಲ್ತಿದ್ದೋಳು ನಾನು. ಹನ್ನೊಂದು ವರ್ಷ ಅವಳನ್ನ ತಲೆಕೆಳಗೆ ಇಳಿಸಿ ಮೇಲಕ್ಕೆತ್ತಿದೀನಿ. ಒಂದೇ ಒಂದು ಸಲ ಕೈ ಬಿಟ್ಟಿಲ್ಲ. ಈಗ ಕೊನೇ ಸಲ ಇಳಿಸೋಕೆ ಏಡಿ ಹಿಡಿಯೋ ನೀನು, ಬೆಂಚು ಕಾಯೋ ಡಾಡು. ನಾನು ಮನೇಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಬೇಕು. ಅಲ್ವಾ?’

ಇಷ್ಟೂ ಮಾತನ್ನು ಅವಳು ದನಿ ಏರಿಸದೆ, ಅಂಗಡಿಯಲ್ಲಿ ಸಾಮಾನು ಹೇಳಿದಂತೆ ಹೇಳಿದಳು. ಕೂಗಿದ್ದರೆ ಜಿಮಿಗೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಹೇಳಬಾರದೆಂದುಕೊಂಡಿದ್ದನ್ನು ಕೊನೆಗೆ ಹೇಳಿದ.

‘ಆವಾಗ ನಿಮಗೆ ಕೈಯಿತ್ತು ಅತ್ತೆ. ಹೋದ ತಿಂಗಳು ಎರಡು ಬಟ್ಟಲು ಒಡೆದ್ರಿ. ಹಿಡಿದಿದೀನಿ ಅಂದ್ಕೋತೀರಿ, ಹಿಡಿದಿರಲ್ಲ. ತಲೆ ಕಡೆ ಹಗ್ಗ ಜಾರಿದ್ರೆ ಪೆಟ್ಟಿಗೆ ಮಗುಚುತ್ತೆ. ಫೀಮಿ ಅತ್ತೇನ ಊರೆದುರಿಗೆ ತಲೆಕೆಳಗೆ ಕೆಡವಿದ್ರೆ ನೀವೂ ಬದುಕಲ್ಲ, ನಾನೂ ಬದುಕಲ್ಲ.’

ಐನಾ ತನ್ನ ಕೈಗಳನ್ನು ನೋಡಿಕೊಂಡಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

‘ಆಯ್ತು ಬಿಡು,’ ಎಂದಳು. ‘ಚಹಾ ಕುಡೀತೀಯಾ?’

ಜಿಮಿ ಆ ಸಂಜೆಯೇ ಶವಸಂಸ್ಕಾರದವನಿಗೆ ಫೋನಿನಲ್ಲಿ ಎಂಟು ಹೆಸರು ಹೇಳಿದ್ದ. ಶುಕ್ರವಾರ ಬೆಳಿಗ್ಗೆ ಅಂಚೆಯವನು ಕಪ್ಪು ಅಂಚಿನ ಲಕೋಟೆ ಕೊಟ್ಟು ಹೋದ. ಮೊದಲೆಲ್ಲ ನಮ್ಮೂರ ಬಡಗಿಯೇ ಪೆಟ್ಟಿಗೆ ಮಾಡಿ, ಮನೆ ಮನೆಗೆ ನಡೆದು, ‘ನಿಂದು ಮೂರನೇದು, ನಿಂದು ಐದನೇದು’ ಎಂದು ಬಾಯಿಮಾತಿನಲ್ಲಿ ಹೇಳಿ ಬರುತ್ತಿದ್ದ. ಅವನು ಕಣ್ಣು ಕಾಣದೆ ಕೆಲಸ ಬಿಟ್ಟ ಮೇಲೆ ಶವಸಂಸ್ಕಾರದ ಏರ್ಪಾಡಿಗೆ ದೂರದ ಪಟ್ಟಣದಿಂದ ಹೊಸಬನೊಬ್ಬ ಬರುತ್ತಿದ್ದ. ಅಚ್ಚುಕಟ್ಟಿನವನೇ, ಟೈಪ್‌ರೈಟರ್ ಇಟ್ಟುಕೊಂಡವನು. ಆದರೆ ಅಡ್ಡಹೆಸರು ಬರೆಯುವುದು ಸತ್ತವರಿಗೆ ಅವಮಾನ ಎಂದುಕೊಂಡಿದ್ದ. ಲಕೋಟೆಯ ಮೇಲೆ ‘ಜೆ. ಸ್ಲೇಟರ್, 14, ಸೀಟೌನ್’ ಎಂದಿತ್ತು. ಒಳಗೆ ಕಾರ್ಡು. ಪೆಟ್ಟಿಗೆಯ ಚಿತ್ರದ ತಲೆಯ ಕಡೆ ಒಂದನೇ ಅಂಕಿಗೆ ಕೆಂಪು ಶಾಯಿಯ ಸುತ್ತು.

ಓದಿದ ಕ್ಷಣವೇ ಐನಾಳಿಗೆ ತಿಳಿಯಿತು, ಇದು ಜಿಮಿಯದು. ಜಿಮಿ ಟಾರಿಗೆ ಎಂದು ಬರೆಯುವ ಬದಲು ಹೊಸಬ ಸಾವಿನ ಮನೆಯ ವಿಳಾಸ ಬರೆದಿದ್ದಾನೆ. ನಮ್ಮೂರಿನ ಯಾವ ಮಗುವಾದರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಆದರೂ ಅದನ್ನು ಮತ್ತೆ ಓದಿದಳು. ಬರೆದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವಳು ಜೆ. ಸ್ಲೇಟರ್ ಹೌದು, ಹದಿನಾಲ್ಕನೇ ಮನೆಯವಳೂ ಹೌದು. ಕಾರ್ಡನ್ನು ಕಪ್ಪು ಕೋಟಿನ ಒಳಜೇಬಿಗೆ ಹಾಕಿದಳು.

ಮಧ್ಯಾಹ್ನ ಜಿಮಿ ಬಾಗಿಲಲ್ಲೇ ನಿಂತು ಕೇಳಿದ. ‘ಎಲ್ರಿಗೂ ಕಾರ್ಡ್ ಬಂದಿದೆ, ನನ್ನದೇ ಇಲ್ಲ. ಇಲ್ಲಿಗೇನಾದ್ರೂ ಬಂತಾ?’

‘ಇಲ್ಲ.’

‘ಹೋಗ್ಲಿ ಬಿಡಿ. ನಾನ್ಯಾರು ಅಂತ ಗೊತ್ತಿದೆಯಲ್ಲ.’

ಅವನು ಹೋದ. ಭಾನುವಾರ ದೇವರ ದಿನವೆಂದು ಒಂದು ಹೊಲಿಗೆಯನ್ನೂ ಹಾಕದೆ ಬೆಳೆದವಳು ಐನಾ, ಬಾಯಲ್ಲಿ ಸುಳ್ಳು ಬಂದದ್ದು ಇಲ್ಲವೇ ಇಲ್ಲ ಎನ್ನಬಹುದು. ಈಗ ಸುಳ್ಳು ಹೇಳಿ, ಎದೆ ಹೊಡೆದುಕೊಳ್ಳುತ್ತದೆಯೇನೋ ಎಂದು ಕಾದಳು. ಹೊಡೆದುಕೊಳ್ಳಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಒಂದಕ್ಕೇ, ಜಿಮಿ ಹೇಳಿದ ಮಾತಿಗೆ. ಕೈ ಬಿಟ್ಟರೆ?

ಹಿತ್ತಲಿನಿಂದ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ಅಟ್ಟ ಹತ್ತಿದಳು. ಹಿಂದೆ ಬಲೆಗಳನ್ನು ಎಳೆದುಕೊಳ್ಳುತ್ತಿದ್ದ ಬಾಗಿಲೊಂದು ಅಟ್ಟದಿಂದ ನೇರ ಬೀದಿಯ ಮೇಲಕ್ಕೆ ತೆರೆಯುತ್ತದೆ. ಕಲ್ಲಿದ್ದಲಿನ ಬಕೀಟಿಗೆ ಹಗ್ಗ ಬಿಗಿದು ಅಲ್ಲಿಂದ ಇಳಿಸತೊಡಗಿದಳು. ಕಣ್ಣು ಮುಚ್ಚಿ ಇಳಿಸಿದಳು. ಬಕೀಟು ಯಾವಾಗ ನೆಲ ಮುಟ್ಟಿತೋ ತಿಳಿಯಲಿಲ್ಲ. ಹಗ್ಗ ಬಿಡುತ್ತಲೇ ಇದ್ದಳು, ಕಣ್ಣು ತೆರೆದು ನೋಡಿದರೆ ಕೆಳಗೆ ಹಗ್ಗದ ರಾಶಿ. ಎರಡನೇ ಸಲ ಬಿಗಿಯಾಗಿ ಹಿಡಿದಿದ್ದೇನೆಂದು ಅಂದುಕೊಂಡಾಗಲೇ ಜಾರಿತು. ಬಕೀಟು ಢಣ್ಣೆಂದು ಕಲ್ಲಿಗೆ ಬಡಿದು ಕಲ್ಲಿದ್ದಲೆಲ್ಲ ಚೆಲ್ಲಿತು. ಐನಾ ಮೆಟ್ಟಿಲಿಳಿದು, ಒಂದೊಂದೇ ಆರಿಸಿ ತುಂಬಿ, ಮತ್ತೆ ಮೇಲೆ ಬಂದಳು. ಈ ಸಲ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಮಿಸೆಸ್ ಪೆನ್ನಿಂಗ್ಟನ್ನಳ ಗುಂಪು ಬಂತು. ಶುಕ್ರವಾರ ಅವಳು ಪ್ರವಾಸಿಗರನ್ನು ಹಳೆಯ ಕೇರಿ ಸುತ್ತಿಸುವ ದಿನ. ‘ಈ ಮನೆಯ ಬಾಗಿಲ ಮೇಲಿನ ಕಲ್ಲು ನೋಡಿ, ಮದುವೆಯಾದ ಜೋಡಿಯ ಹೆಸರಕ್ಷರ, ಇಸವಿ...’ ಎನ್ನುತ್ತಿದ್ದವಳು ತಲೆಯೆತ್ತಿದಳು. ಎಲ್ಲರೂ ತಲೆಯೆತ್ತಿದರು. ಕಪ್ಪು ಬಟ್ಟೆ ತೊಟ್ಟ ಮುದುಕಿಯೊಬ್ಬಳು ಅಟ್ಟದ ಬಾಗಿಲಲ್ಲಿ ನಿಂತು, ಹಗ್ಗದ ಮೇಲಿಂದ ದೃಷ್ಟಿ ಕದಲಿಸದೆ, ಬಕೀಟನ್ನು ಗೇಣುಗೇಣಾಗಿ ಇಳಿಸುತ್ತಿದ್ದಳು. ಬಕೀಟು ಸದ್ದಿಲ್ಲದೆ ಕಲ್ಲಿನ ಮೇಲೆ ಕೂತಿತು. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಒಬ್ಬ ಫೋಟೊ ತೆಗೆದ.

‘ಇನ್ನೊಂದ್ಸಲ ಮಾಡ್ತೀರಾ ಅಜ್ಜಿ? ಹೆಂಡ್ತಿ ನೋಡ್ಲಿಲ್ಲ.’

‘ಮಾಡ್ತೀನಿ,’ ಎಂದಳು ಐನಾ. ಹೇಗಿದ್ದರೂ ಮಾಡುವವಳೇ. ಬಕೀಟನ್ನು ಮೇಲಕ್ಕೆಳೆದು ಮತ್ತೆ ಇಳಿಸಿದಳು. ಮತ್ತೆ ಚಪ್ಪಾಳೆ. ಮಿಸೆಸ್ ಪೆನ್ನಿಂಗ್ಟನ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ಗುಂಪನ್ನು ಮುಂದಕ್ಕೆ ಕರೆದುಕೊಂಡು ಹೋದಳು. ಅವತ್ತು ಐನಾ ಹತ್ತೊಂಬತ್ತು ಸಲ ಇಳಿಸಿದಳು. ಹದಿನಾರು ಸಲ ಸರಿಹೋಯಿತು. ಆದರೆ ಅದು ಕಣ್ಣಿಂದ ಸರಿಹೋದದ್ದು, ಕೈಯಿಂದಲ್ಲ. ಗುಂಡಿಯ ತಳ ಅಟ್ಟದ ಬಾಗಿಲಿನಿಂದ ಕಾಣುವ ಬೀದಿಯಂತೆ ಕಾಣುವುದಿಲ್ಲವಲ್ಲ.

ಶನಿವಾರ ಎರಡು ಗಂಟೆಗೆ ಮನೆಯಲ್ಲೇ ಪ್ರಾರ್ಥನೆ. ಡಾಡ್ ದೀರ್ಘವಾಗಿ ಓದಿದ. ಎಪ್ಪತ್ತರ ಹತ್ತಿರದ ಮುದುಕ, ಮಂದಿರದ ಹಿರಿಯ, ತನ್ನ ದನಿ ತಾನೇ ಕೇಳಿ ಸಂತೋಷಪಡುವವನು. ಗಂಡಸರು ಪೆಟ್ಟಿಗೆ ಹೊತ್ತು ಹೊರಬಂದರು. ಕಪ್ಪು ಕಾರು ಮೆಲ್ಲಗೆ ಹೊರಟಿತು, ಗಂಡಸರು ಹಿಂದೆ ಇಬ್ಬಿಬ್ಬರಾಗಿ ನಡೆದರು. ಹೆಂಗಸರು ಅಡಿಗೆಮನೆಗೆ ತಿರುಗಿದರು. ಐನಾ ಗೂಟದಿಂದ ಕೋಟು ತೆಗೆದು ತೊಟ್ಟು ಗುಂಡಿ ಹಾಕಿಕೊಂಡಳು.

‘ಎಲ್ಲಿಗೆ ಹೊರಟೆಯೇ?’ ನ್ಯಾನ್ ಕೈಯಲ್ಲಿ ಬೆಣ್ಣೆಚಾಕು ಹಿಡಿದೇ ಬಾಗಿಲಿಗೆ ಬಂದಳು. ‘ಬರೋರಿಗೆ ಚಹಾ ಬೇಡ್ವಾ? ಸ್ಕೋನ್ ಬನ್ನು ಬಿಸಿ ಮಾಡ್ಬೇಕು.’

‘ನೀನೇ ನೋಡ್ಕೋ. ನನಗೆ ಬಿಸಿಯಾಯ್ತೋ ಇಲ್ವೋ ಗೊತ್ತಾಗಲ್ಲ.’

ಅವಳು ಸಾಲಿನ ಕೊನೆಗೆ ಸೇರಿಕೊಂಡಳು. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿದರು, ಸರಿದು ಜಾಗ ಬಿಟ್ಟರು. ನಮ್ಮ ಗಂಡಸರು ಹಾಗೆ, ಸಮುದ್ರದಲ್ಲಿ ಹುಲಿ, ಹೆಂಗಸಿನೆದುರು ಮೌನ. ಬಂದರು ತುಂಬ ಪ್ರವಾಸಿಗರಿದ್ದರು. ಬಿಸಿಲು ಬಿದ್ದಿತ್ತು, ಐಸ್‌ಕ್ರೀಮ್ ತಿನ್ನುತ್ತ ಹಳೆಯ ಕಲ್ಲಿನ ದಕ್ಕೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಕಾರು ಬಂದಾಗ ಎದ್ದು ನಿಂತರು. ಒಬ್ಬಳು ಕ್ಯಾಮೆರಾ ಎತ್ತಿದವಳು ಇಳಿಸಿದಳು. ಐನಾ ಅವರನ್ನೆಲ್ಲ ನೋಡಿದಳು, ಅವರು ದೂರ ಇದ್ದಂತೆ ಅನಿಸಿತು, ತಾನೂ ದೂರ ಇದ್ದಂತೆ ಅನಿಸಿತು. ಕಾಲುಗಳು ಮಾತ್ರ ದಿಬ್ಬ ಹತ್ತುತ್ತಿದ್ದವು.

ಸ್ಮಶಾನ ದಿಬ್ಬದ ಮೇಲೆ, ಸಮುದ್ರಕ್ಕೆ ಮುಖಮಾಡಿ. ಪೆಟ್ಟಿಗೆಯನ್ನು ಗುಂಡಿಯ ಅಡ್ಡಹಲಗೆಗಳ ಮೇಲಿಟ್ಟರು. ಕಪ್ಪು ಕೋಟಿನ ಹೊಸಬ ಜೇಬಿನಿಂದ ಪಟ್ಟಿ ತೆಗೆದು ಕೂಗಿದ.

‘ಒಂದನೇ ನಂಬರ್. ಜೆ. ಸ್ಲೇಟರ್.’

ಜಿಮಿ ಮುಂದೆ ಬಂದ. ಐನಾಳೂ ಗಂಡಸರ ನಡುವಿನಿಂದ ಮುಂದೆ ಬಂದಳು. ಒಳಜೇಬಿನಿಂದ ಕಾರ್ಡು ತೆಗೆದು ಹಿಡಿದಳು. ಅಲ್ಲಿದ್ದ ನಲವತ್ತು ಗಂಡಸರೂ ಕತ್ತು ಚಾಚಿದರು.

ಹೊಸಬ ಕಾರ್ಡು ನೋಡಿದ, ಅವಳನ್ನು ನೋಡಿದ. ‘ತಮ್ಮ ಹೆಸರು?’

‘ಜೇಮ್ಸಿನಾ ಸ್ಲೇಟರ್.’

‘ವಿಳಾಸ?’

‘ಹದಿನಾಲ್ಕು, ಸೀಟೌನ್.’

‘ಇದು ಸರಿಯಿದೆ,’ ಎಂದ ಹೊಸಬ, ಗಲಿಬಿಲಿಯಿಂದ ಜಿಮಿಯ ಕಡೆ ತಿರುಗಿ. ‘ತಾವು?’

ಡಾಡ್ ಊರುಗೋಲನ್ನು ನೆಲಕ್ಕೆ ಕುಟ್ಟಿದ. ‘ಏನಿದು ಹುಚ್ಚಾಟ? ಜಿಮಿ, ನಿಮ್ಮತ್ತೇನ ಮನೆಗೆ ಕಳಿಸು.’

ಜಿಮಿ ಕಾರ್ಡನ್ನು ನೋಡುತ್ತ ನಿಂತ. ಅದು ಯಾರದೆಂದು ಅವನಿಗೂ ತಿಳಿಯಿತು, ನಿನ್ನೆ ಬಾಗಿಲಲ್ಲಿ ಅತ್ತೆ ಸುಳ್ಳು ಹೇಳಿದ್ದೂ ತಿಳಿಯಿತು. ಒಂದು ಮಾತು ಸಾಕಾಗಿತ್ತು. ಐನಾ ಅವನ ಬಾಯನ್ನೇ ನೋಡಿದಳು. ಬೇಡಿಕೊಳ್ಳಬೇಕೆಂದು ಅವಳಿಗೆ ಅನಿಸಿತು, ಬೇಡಿಕೊಳ್ಳಲು ಬೇಕಾದ್ದು ಒಳಗೆ ಸಿಗಲಿಲ್ಲ.

‘ಕಾರ್ಡ್ ಅವರದೇ,’ ಎಂದ ಜಿಮಿ. ‘ನನಗೆ ಬಂದೇ ಇಲ್ಲ.’

‘ಹಾಗಾದ್ರೆ ನಾನು ಹಿಡಿಯಲ್ಲ,’ ಎಂದು ಡಾಡ್ ಹಿಂದೆ ಸರಿದ.

‘ಹಿಡೀಬೇಡಿ ದೊಡ್ಡಪ್ಪ. ಮೂರನೇದು ನಾನು ಹಿಡೀತೀನಿ.’

ಹೀಗೆ ಜಿಮಿ ಐನಾಳ ಎಡಗಡೆಗೆ ಬಂದು ನಿಂತ. ಉಳಿದ ನಂಬರುಗಳನ್ನು ಕೂಗಿದರು, ಉಳಿದ ಗಂಡಸರು ಬಂದು ಹಗ್ಗ ಹಿಡಿದರು. ಐನಾ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

‘ಸುತ್ಕೋಬಾರದು ತಾಯಿ, ಎಳೆದುಬಿಡುತ್ತೆ,’ ಎಂದ ಹೊಸಬ.

‘ಎಳೀಲಿ.’

ಹಲಗೆ ತೆಗೆದರು. ಐನಾಳ ಎರಡು ತೋಳೂ ಒಮ್ಮೆ ಕೆಳಕ್ಕೆ ಜಗ್ಗಿದವು, ಅವಳು ಹಿಮ್ಮಡಿ ಊರಿ ನಿಂತಳು. ಜಾರಲಿಲ್ಲ. ಗೇಣುಗೇಣಾಗಿ ಬಿಟ್ಟಳು. ಪೆಟ್ಟಿಗೆಯ ಹಿತ್ತಾಳೆ ಹಿಡಿಗಳು ಬಿಸಿಲಿನಲ್ಲಿ ಒಂದು ಕ್ಷಣ ಹೊಳೆದು ನೆರಳಿಗಿಳಿದವು. ತಲೆಯ ಕಡೆ ಒಂದಿಷ್ಟೂ ವಾಲಲಿಲ್ಲ. ಪಾದದ ಕಡೆ ಹಿಡಿದಿದ್ದ ಗಟ್ಟಿಮುಟ್ಟಾದ ಹುಡುಗನ ಹಗ್ಗವೇ ಎರಡು ಸಲ ತಡವರಿಸಿತು. ಆಮೇಲೆ ಕೆಳಗೆ ಕತ್ತಲು, ಅವಳಿಗೆ ಏನೂ ಕಾಣಲಿಲ್ಲ. ಬಿಡುತ್ತಲೇ ಇದ್ದಳು.

ಒಂದೊಂದಾಗಿ ಹಗ್ಗಗಳು ಮುಚ್ಚಳದ ಮೇಲೆ ಬಿದ್ದ ಸದ್ದು ಕೇಳಿತು. ಎಂಟರಲ್ಲಿ ಆರು ಬಿದ್ದವು. ಜಿಮಿಯದೂ ಬಿತ್ತು. ಅವಳದು ಬೀಳಲಿಲ್ಲ. ಗಂಡಸರು ಟೋಪಿ ಹಾಕಿಕೊಳ್ಳಲು ಕಾದರು. ಹೊಸಬ ಜಿಮಿಗೆ ಕಣ್ಸನ್ನೆ ಮಾಡಿದ.

‘ಅತ್ತೆ,’ ಎಂದ ಜಿಮಿ ಮೆಲ್ಲಗೆ. ‘ಇಳಿದಾಯ್ತು. ಬಿಡಿ.’

‘ಸುಳ್ಳು ಹೇಳ್ಬೇಡ. ಇನ್ನೂ ಭಾರ ಇದೆ.’

‘ಇಲ್ಲ ಅತ್ತೆ.’

‘ನನ್ನ ಕೈಗೆ ಗೊತ್ತಾಗ್ತಿದೆ ಕಣೋ. ಭಾರ ಇದೆ. ಬಿಟ್ರೆ ಬಿದ್ದುಬಿಡ್ತಾಳೆ.’

ಜಿಮಿ ಕೈ ಚಾಚಿ ಅವಳ ಕೈಯ ಕೆಳಗೆ ಹಗ್ಗ ಹಿಡಿದ. ಹಗ್ಗ ಸಡಿಲವಾಗಿ ನೇತಾಡುತ್ತಿತ್ತು, ಅದರ ತುದಿಯಲ್ಲಿ ಏನೂ ಭಾರವಿರಲಿಲ್ಲ. ಅವನು ಅತ್ತೆಯ ಮುಖ ನೋಡಿದ.

‘ಹೌದು ಅತ್ತೆ,’ ಎಂದ. ‘ಇನ್ನೂ ಇಳೀತಾ ಇದೆ. ನಾನೂ ಹಿಡಿದಿದೀನಿ. ಇಬ್ರೂ ಸೇರಿ ಬಿಡೋಣ, ಮೆಲ್ಲಗೆ.’

ನಲವತ್ತು ಜನ ನೋಡುತ್ತ ನಿಂತರು. ಅತ್ತೆ ಅಳಿಯ ಇಬ್ಬರೂ ಆ ಬರಿ ಹಗ್ಗವನ್ನು ಒಂದು ಗೇಣು, ಇನ್ನೊಂದು ಗೇಣು, ಮತ್ತೊಂದು ಗೇಣು ಇಳಿಬಿಟ್ಟರು. ಜಿಮಿ ಅವಳ ಅಂಗೈಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಯ ತುದಿ ಬೆರಳುಗಳಿಂದ ಜಾರಿ ಗುಂಡಿಗೆ ಬಿದ್ದಾಗ ಐನಾ ಖಾಲಿ ಕೈಗಳನ್ನು ನೋಡಿಕೊಂಡಳು. ಆಮೇಲೆ ‘ಅಕ್ಕಾ’ ಎಂದು ಕೂಗಿದಳು. ಕೆಳಗೆ ಬಂದರಿನಲ್ಲಿ ಕೂತಿದ್ದವರೂ ತಿರುಗಿ ನೋಡಿದರಂತೆ.